ಚಳಿಸೀಮೆಯಲ್ಲಿ ಮಾಸ್ತರಿಕೆ

ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಚಳಿ ಎಂಬುದು ಹೆಚ್ಚುಕಡಿಮೆ ಒಂದು ಮಾತು ಮಾತ್ರ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಬೆಳಗಿನ ಹೊತ್ತು ತಲೆಗೊಂದು ವಸ್ತ್ರ ಸುತ್ತಿಕೊಂಡು, ಎಳೆಬಿಸಿಲಿಗೆ ಬೆನ್ನೊಡ್ಡಿ ಕುಳಿತು, 'ಏನ್ ಥಂಡಿನಪಾ!' ಎಂದು ನಾಲ್ಕು ದಿನ ಅಂದುಕೊಂಡರೆ ಅಲ್ಲಿಗೆ ನಮ್ಮ ಚಳಿಗಾಲ ತೀರಿತು. ಉಳಿದ ವರ್ಷವೆಲ್ಲ ಬಿಸಿಲಿನದೇ ಆಳ್ವಿಕೆ.

ಅಂಥ ಬಿಸಿಲುನಾಡಿನಲ್ಲಿ ನಾನು ಹದಿನಾರು ವರ್ಷ ವಿಜ್ಞಾನದ ಪಾಠ ಹೇಳಿದೆ. ನೀರು ಹೆಪ್ಪುಗಟ್ಟುವ ಪಾಠವನ್ನು ಪ್ರತಿವರ್ಷವೂ ತಪ್ಪದೆ ಮಾಡಿದೆ. ನಾಲ್ಕು ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಅತ್ಯಧಿಕ. ಅದಕ್ಕಿಂತ ತಣ್ಣಗಾದರೆ ನೀರು ಕುಗ್ಗುವ ಬದಲು ಹಿಗ್ಗುತ್ತದೆ. ಕೆರೆಯ ಮೇಲ್ಭಾಗ ಗಟ್ಟಿಯಾದರೂ ತಳದಲ್ಲಿ ಮೀನು ಬದುಕಿರುತ್ತದೆ. ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುವುದರಿಂದ ಶೀತಪ್ರದೇಶಗಳಲ್ಲಿ ನೀರಿನ ಕೊಳವೆಗಳು ಒಡೆಯುತ್ತವೆ. ಇದನ್ನೆಲ್ಲ ಹೇಳಿದ ನಾನೂ ಕಣ್ಣಾರೆ ನೋಡಿರಲಿಲ್ಲ, ಕೇಳಿದ ಮಕ್ಕಳೂ ನೋಡಿರಲಿಲ್ಲ. ಆದಕಾರಣ ನಮ್ಮ ನಡುವೆ ಭಿನ್ನಾಭಿಪ್ರಾಯಕ್ಕೆ ಎಡೆಯೇ ಇರಲಿಲ್ಲ.

2009ರಲ್ಲಿ ನನಗೆ ಹಿಮಾಚಲ ಪ್ರದೇಶಕ್ಕೆ ವರ್ಗವಾಯಿತು. ಕೇಂದ್ರ ಸರ್ಕಾರದ ಶಾಲೆಯ ನೌಕರಿ; ಎಲ್ಲಿಗೆ ಕಳುಹಿಸಿದರೂ ಹೋಗುತ್ತೇನೆಂದು ಬರೆದುಕೊಟ್ಟೇ ಸೇರಿದವನು ನಾನು. ಆದೇಶದ ಕಾಗದವನ್ನು ಓದಿ ಹೇಳಿದಾಗ ನನ್ನ ತಾಯಿ ಕೇಳಿದ ಮೊದಲ ಪ್ರಶ್ನೆ, 'ಅಲ್ಲಿ ಜ್ವಾಳ ಸಿಗತಾವೇನಪಾ?' ಎಂದು. ನನಗೆ ಗೊತ್ತಿರಲಿಲ್ಲ. ತಾಯಿಯ ಆರೈಕೆಗೆಂದು ಹೆಂಡತಿ ಊರಿನಲ್ಲಿಯೇ ಉಳಿದಳು. ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ, ಹತ್ತು ಸೇರು ಜೋಳದ ಹಿಟ್ಟು - ಇಷ್ಟನ್ನು ಕಟ್ಟಿಕೊಂಡು ನಾನೊಬ್ಬನೇ ಹೊರಟೆ.

ದಿಲ್ಲಿಯಿಂದ ಕಾಲ್ಕಾವರೆಗೆ ದೊಡ್ಡ ಗಾಡಿ. ಅಲ್ಲಿಂದ ಶಿಮ್ಲಾಕ್ಕೆ 1903ರಲ್ಲಿ ತೆರೆದ ಕಿರಿದಾದ ಹಳಿಯ ಪುಟ್ಟ ಗಾಡಿ. 96 ಕಿಲೋಮೀಟರಿನ ಆ ದಾರಿಯಲ್ಲಿ ನೂರಕ್ಕೂ ಮಿಕ್ಕಿ ಸುರಂಗಗಳು. ಗಾಡಿ ಮೇಲೇರಿದಂತೆಲ್ಲ ಕಿಟಕಿಯ ಗಾಳಿ ತಣ್ಣಗಾಗುತ್ತ ಹೋಯಿತು. ಸಾವಿರ ಮೀಟರು ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆಂಬ ಪಾಠ ನೆನಪಾಯಿತು. ಶಿಮ್ಲಾದಿಂದ ಮುಂದೆ ಅರ್ಧ ದಿನದ ಬಸ್ಸಿನ ಪ್ರಯಾಣ. ನಾನು ಸೇರಿದ ಊರಿನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ನಾನು ಹೇಳಹೊರಟಿರುವುದು ನನ್ನದೇ ಒಂದು ತಪ್ಪಿನ ಕತೆ. ಅದರಲ್ಲಿ ಊರಿನ ಪಾಲೇನೂ ಇಲ್ಲ. ಸಮುದ್ರಮಟ್ಟದಿಂದ ಸುಮಾರು 2200 ಮೀಟರು ಎತ್ತರದ, ಸೇಬಿನ ತೋಟಗಳ ನಡುವಿನ ಹಳ್ಳಿ ಎಂದಷ್ಟು ತಿಳಿದರೆ ಸಾಕು.

ಹಿಮಾಚಲದಷ್ಟು ಹಳ್ಳಿಗಳಲ್ಲಿಯೇ ನೆಲಸಿದ ರಾಜ್ಯ ಭಾರತದಲ್ಲಿ ಮತ್ತೊಂದಿಲ್ಲ. 2011ರ ಜನಗಣತಿಯಲ್ಲಿ ಅಲ್ಲಿ ನೂರಕ್ಕೆ ತೊಂಬತ್ತು ಮಂದಿ ಹಳ್ಳಿಗರು. ನಮ್ಮ ಕರ್ನಾಟಕದಲ್ಲಿ ಅರುವತ್ತೊಂದು ಮಂದಿ. ಹಳ್ಳಿ ಎಂದೊಡನೆ ನನ್ನ ಮನಸ್ಸು ಒಂದು ಲೆಕ್ಕ ಹಾಕಿಬಿಟ್ಟಿತ್ತು. ಗುಡ್ಡಗಾಡು, ರಸ್ತೆಯಿಲ್ಲದ ಊರು, ತಿಳಿವಳಿಕೆ ಸಾಲದ ಜನ. ಅವರ ಬಳಿಗೆ ಅರಿವನ್ನು ಹೊತ್ತು ಹೋಗುತ್ತಿರುವ ನಾನು! ಅದೇ ಜನಗಣತಿಯಲ್ಲಿ ಹಿಮಾಚಲದ ಸಾಕ್ಷರತೆ ನೂರಕ್ಕೆ ಎಂಬತ್ತೆರಡನ್ನು ಮೀರಿತ್ತು, ನನ್ನ ರಾಯಚೂರು ಜಿಲ್ಲೆಯದು ಅರುವತ್ತನ್ನೂ ಮುಟ್ಟಿರಲಿಲ್ಲ ಎಂಬುದನ್ನು ಆಮೇಲೆ ಓದಿ ತಿಳಿದು ನಾಚಿಕೊಂಡೆ.

ಮೊದಲ ಪಾಠ ನನಗೆ ಅಡುಗೆಮನೆಯಲ್ಲಿಯೇ ಆಯಿತು. ಊರಿನಲ್ಲಿ ಮಾಡುತ್ತಿದ್ದಂತೆ ಪಾತ್ರೆಯಲ್ಲಿ ತೊಗರಿಬೇಳೆ ಬೇಯಲಿಟ್ಟೆ. ನೀರು ಕೊತಕೊತ ಕುದಿಯುತ್ತಲೇ ಇತ್ತು. ಬೇಳೆ ಮಾತ್ರ ಒಂದೂವರೆ ಗಂಟೆಯಾದರೂ ಕಲ್ಲಿನಂತೆಯೇ ಇತ್ತು. ಅಂಗಡಿಯವನನ್ನು ಮನಸಾರೆ ಬೈದುಕೊಂಡೆ. ಆಮೇಲೆ ಹೊಳೆಯಿತು - ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು ಸುಮಾರು 93 ಡಿಗ್ರಿಯಲ್ಲಿಯೇ ಕುದಿದುಬಿಡುತ್ತದೆ. ಕುದಿಯುವ ನೀರೆಲ್ಲ ಒಂದೇ ಬಿಸಿಯಲ್ಲ. ಹದಿನಾರು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಆ ದಿನ ನಾಲಿಗೆಯ ಮೇಲೆ ಕಂಡೆ. ಮರುದಿನವೇ ಕುಕ್ಕರನ್ನು ಕೊಂಡು ತಂದೆ.

ಅಲ್ಲಿಯ ಬದುಕನ್ನು ಚಳಿಯೇ ತಿದ್ದಿ ರೂಪಿಸಿದೆ. ಹಳೆಯ ಮನೆಗಳ ಗೋಡೆಗಳಲ್ಲಿ ದೇವದಾರು ಮರದ ತೊಲೆ ಒಂದು ವರಸೆ, ಕಲ್ಲು ಒಂದು ವರಸೆ. ಕಾಠ್-ಕುಣಿ ಎಂದು ಅದರ ಹೆಸರು. ಕೆಳಗಿನ ಅಂತಸ್ತಿನಲ್ಲಿ ದನಕರು, ಮೇಲಿನದರಲ್ಲಿ ಮನುಷ್ಯರು. ದನಗಳ ಮೈಯ ಕಾವು ಮೇಲಿನವರಿಗೂ ತಟ್ಟುತ್ತದೆ. ಅವರು ತಂದೂರ್ ಎನ್ನುವುದು ರೊಟ್ಟಿ ಸುಡುವ ಒಲೆಯನ್ನಲ್ಲ. ಕೋಣೆಯ ನಡುವೆ ನಿಲ್ಲಿಸಿ, ಹೊಗೆಯ ಕೊಳವೆಯನ್ನು ಹೊರಕ್ಕೆ ಹಾಯಿಸಿ, ಕಟ್ಟಿಗೆ ಉರಿಸುವ ಕಬ್ಬಿಣದ ಒಲೆಯನ್ನು. ಮಳೆಗಾಲ ಮುಗಿಯುತ್ತಲೇ ಹೆಂಗಸರು ಕಡಿದಾದ ಹುಲ್ಲುಗಾವಲುಗಳಲ್ಲಿ ಹುಲ್ಲು ಕೊಯ್ದು, ಒಣಗಿಸಿ, ಬೆನ್ನ ಮೇಲೆ ಹೊತ್ತು ತರುತ್ತಾರೆ. ಹಿಮ ಬಿದ್ದ ಮೇಲೆ ದನಗಳಿಗೆ ಅದೇ ಗತಿ. ಶಾಲೆಗೂ ದೀರ್ಘ ರಜೆ ಬೇಸಿಗೆಯಲ್ಲಲ್ಲ, ಚಳಿಗಾಲದಲ್ಲಿ. ಮೇ ತಿಂಗಳ ರಜೆಗೆ ಒಗ್ಗಿದ್ದ ನನ್ನ ಮೈಗೂ ಮನಸ್ಸಿಗೂ ಇದೆಲ್ಲ ತಲೆಕೆಳಗಾಗಿ ಕಂಡಿತು.

ಆಗಸ್ಟ್, ಸೆಪ್ಟೆಂಬರಿನಲ್ಲಿ ಸೇಬಿನ ಕೊಯ್ಲು. ತರಗತಿಯ ಅರ್ಧ ಬೆಂಚುಗಳು ಬರಿದಾಗುತ್ತಿದ್ದವು. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತುಗಳು ಹೆಚ್ಚಿದಷ್ಟೂ ನನ್ನ ಸಿಟ್ಟೂ ಹೆಚ್ಚುತ್ತಿತ್ತು. ಒಂಬತ್ತನೆಯ ತರಗತಿಯ ಹಿಂದಿನ ಸಾಲಿನ ಒಬ್ಬ ಹುಡುಗ ಸತತವಾಗಿ ಎರಡು ವಾರ ಬರಲಿಲ್ಲ. ಮೊದಲೇ ಮಾತು ಕಡಿಮೆ, ಇಂಗ್ಲಿಷು ಬಾರದು, ಹಿಂದಿಯಲ್ಲಿಯೂ ಅವನ ಪಹಾಡಿ ನುಡಿಯ ಎಳೆತ. ಶಾಲೆಗೆ ಬರತೊಡಗಿದ ಮೇಲೂ ಪ್ರಶ್ನೆ ಕೇಳಿದರೆ ಎದ್ದು ನಿಂತು ನೆಲ ನೋಡುತ್ತಿದ್ದ. ಚಳಿ ಬಲಿಯತೊಡಗಿದ್ದ ನವೆಂಬರಿನ ಒಂದು ದಿನ ಹಾಗೆ ನಿಂತವನನ್ನು ನೋಡಿ ನಾನು, 'ಕುಳಿತುಕೊ. ಸೇಬಿನ ಪೆಟ್ಟಿಗೆ ಹೊರುವುದಕ್ಕೆ ವಿಜ್ಞಾನವೇಕೆ?' ಎಂದೆ. ತರಗತಿ ನಕ್ಕಿತು. ಅವನು ಕುಳಿತುಕೊಂಡ.

ಆ ನಗೆ ನನಗೆ ಹಿತವಾಗಿತ್ತೆಂಬುದನ್ನು ಮುಚ್ಚಿಡಲಾರೆ. ಹೊಸ ಊರಿನಲ್ಲಿ, ಬಾರದ ಭಾಷೆಯ ಮಕ್ಕಳ ನಡುವೆ, ಮೊದಲ ಬಾರಿಗೆ ತರಗತಿ ನನ್ನ ಹಿಡಿತಕ್ಕೆ ಬಂದಿತೆಂದು ಅಂದುಕೊಂಡೆ. ಚಳಿಗೆ ಬೆರಳುಗಳು ಮರಗಟ್ಟಿ ಸೀಮೆಸುಣ್ಣ ಹಿಡಿಯಲಾಗದೆ ಒದ್ದಾಡುತ್ತಿದ್ದ ಮಾಸ್ತರಿಗೆ ಒಬ್ಬ ಹುಡುಗನ ತಲೆ ತಗ್ಗಿಸಿ ತನ್ನ ತಲೆಯನ್ನು ಎತ್ತಿಕೊಳ್ಳುವ ಹಂಬಲ.

ಡಿಸೆಂಬರಿನಲ್ಲಿ ಪರೀಕ್ಷೆಯಾಯಿತು. ಉತ್ತರಪತ್ರಿಕೆಗಳನ್ನು ತಿದ್ದಿ, ಅಂಕಗಳನ್ನು ರಜೆಯ ಬಳಿಕ ಕೊಟ್ಟರಾಯಿತೆಂದು ಕಟ್ಟಿ, ಟ್ರಂಕಿನ ಮೇಲಿಟ್ಟೆ. ಊರಿಗೆ ಹೊರಡುವ ಹಿಂದಿನ ಸಂಜೆ ಬಾಗಿಲ ಬಳಿ ಯಾರೋ ಕೆಮ್ಮಿದಂತಾಯಿತು. ನೋಡಿದರೆ ಆ ಹುಡುಗ. ನಾನು ಆ ಮಾತನ್ನಾಡಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಒಳಕ್ಕೆ ಬರಲಿಲ್ಲ, ಹೊಸಿಲಾಚೆಯೇ ನಿಂತು, 'ಗುರುಜೀ, ಹೋಗುವ ಮೊದಲು ಹೊರಗಿನ ದೊಡ್ಡ ವಾಲ್ವನ್ನು ಮುಚ್ಚಿ, ಮನೆಯೊಳಗಿನ ನಲ್ಲಿಗಳನ್ನೆಲ್ಲ ತೆರೆದಿಟ್ಟು ಹೋಗಿ. ಪೈಪಿನಲ್ಲಿ ನೀರು ನಿಲ್ಲಬಾರದು' ಎಂದ. ನಾನು ನಕ್ಕು, 'ಆ ಪಾಠ ಹೇಳಿಕೊಟ್ಟವನೇ ನಾನಲ್ಲವೇನಪ್ಪ?' ಎಂದೆ. ಅವನು ಮತ್ತೇನೂ ಹೇಳದೆ ನಮಸ್ಕಾರ ಮಾಡಿ ಹೋದ.

ಮರುದಿನ ಬೆಳಗ್ಗೆ ಮನೆಗೆ ಬೀಗ ಹಾಕುವ ಮುನ್ನ ನಾನು ಮಾಡಿದ್ದೇನೆಂದು ಹೇಳಲೆ? ಪ್ರತಿಯೊಂದು ನಲ್ಲಿಯನ್ನೂ ಶಕ್ತಿಯಿದ್ದಷ್ಟು ತಿರುಗಿಸಿ ಭದ್ರವಾಗಿ ಮುಚ್ಚಿದೆ. ಕೊಡ ನೀರಿಗಾಗಿ ಸರದಿ ನಿಲ್ಲುವ ನಾಡಿನಿಂದ ಬಂದವನು ನಾನು. ನಲ್ಲಿ ತೊಟ್ಟಿಕ್ಕಿದರೆ ಎದ್ದು ಹೋಗಿ ಮುಚ್ಚುವುದು ನಮಗೆ ಬಾಲ್ಯದಿಂದ ಬಂದ ಸಂಸ್ಕಾರ. ಪುಸ್ತಕದ ವಿಜ್ಞಾನ ತಲೆಯಲ್ಲಿತ್ತು. ಕೈ ಮಾತ್ರ ರಾಯಚೂರಿನದೇ ಆಗಿತ್ತು.

ಫೆಬ್ರುವರಿಯಲ್ಲಿ ಹಿಂದಿರುಗಿ ಬಾಗಿಲು ತೆರೆದಾಗ ಒಳಗೆ ನೀರು ಜಿನುಗುವ ಸದ್ದು. ಗೋಡೆಯ ಮೇಲಿನ ಕಬ್ಬಿಣದ ಕೊಳವೆ ಉದ್ದಕ್ಕೂ ಸೀಳಿಹೋಗಿತ್ತು, ಹಣ್ಣಾದ ಬೆಂಡೆಕಾಯಿ ಬಿರಿದ ಹಾಗೆ. ಕೊಳವೆಯೊಳಗಿನ ಗಡ್ಡೆ ಕರಗಿದ ಮೇಲೆ ನೀರು ಎಷ್ಟು ದಿನ ಹರಿದಿತ್ತೋ ಏನೋ. ನೆಲದ ಹಲಗೆಗಳು ಉಬ್ಬಿದ್ದವು, ಹಾಸಿಗೆ ಕೊಳೆತಿತ್ತು. ಟ್ರಂಕಿನ ಮೇಲಿಟ್ಟಿದ್ದ ಉತ್ತರಪತ್ರಿಕೆಗಳ ಕಟ್ಟು ತೊಯ್ದು ಮುದ್ದೆಯಾಗಿತ್ತು. ಸುದ್ದಿ ತಿಳಿದು ಬಂದ ಶಾಲೆಯ ಜವಾನ ತಂದೂರಿಗೆ ಬೆಂಕಿ ಹಾಕಿಕೊಟ್ಟ. ಅದರ ಸುತ್ತ ಹಗ್ಗ ಕಟ್ಟಿ, ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಣಹಾಕುತ್ತ ಕುಳಿತೆ.

ಹಾಗೆ ಒಣಹಾಕುವಾಗ ಆ ಹುಡುಗನ ಪತ್ರಿಕೆ ಕೈಗೆ ಬಂತು. ಶೀತಪ್ರದೇಶಗಳಲ್ಲಿ ನೀರಿನ ಕೊಳವೆಗಳು ಏಕೆ ಒಡೆಯುತ್ತವೆ ಎಂಬ ಎರಡು ಅಂಕದ ಪ್ರಶ್ನೆ ನಾನೇ ಹಾಕಿದ್ದು. ಅವನು ಇಂಗ್ಲಿಷಿನಲ್ಲಿ ಒಂದು ಸಾಲು ಆರಂಭಿಸಿ, ಹೊಡೆದುಹಾಕಿ, ಹಿಂದಿಯಲ್ಲಿ ಮುಗಿಸಿದ್ದ: ನಮ್ಮ ಮನೆಯ ಪೈಪು ಒಡೆಯುವುದಿಲ್ಲ, ರಾತ್ರಿ ನಲ್ಲಿಯನ್ನು ಸ್ವಲ್ಪ ತೆರೆದಿಡುತ್ತೇವೆ, ಹರಿಯುವ ನೀರು ಬೇಗ ಗಟ್ಟಿಯಾಗದು, ಮುಚ್ಚಿದ ಪೈಪಿನಲ್ಲಿ ಗಡ್ಡೆಗೆ ಹಿಗ್ಗಲು ಜಾಗವಿಲ್ಲ. ಅದರ ಪಕ್ಕದಲ್ಲಿ ನನ್ನ ಕೆಂಪು ಶಾಯಿಯ ಸೊನ್ನೆ, ನೀರಿಗೆ ಹರಡಿಕೊಂಡು, ಸುಮಾರು ಅರ್ಧ ಹಾಳೆಯನ್ನು ಆವರಿಸಿತ್ತು. ಪ್ರಶ್ನೆ ಕೇಳಿದ್ದು ಕಾರಣವನ್ನು, ಅವನು ಬರೆದದ್ದು ಪರಿಹಾರವನ್ನು. ಪಾರಿಭಾಷಿಕ ಪದ ಒಂದೂ ಇಲ್ಲ - ಇದು ಆ ಸೊನ್ನೆಗೆ ನಾನು ಅಂದು ಕೊಟ್ಟುಕೊಂಡ ಸಮಾಧಾನ. ಆದರೆ ಕಾರಣವೂ ಅದರಲ್ಲಿ ಇತ್ತಲ್ಲ! ಕೊನೆಯ ಸಾಲಿನವರೆಗೆ ಓದುವ ತಾಳ್ಮೆ ಮಾತ್ರ ನನ್ನಲ್ಲಿ ಇರಲಿಲ್ಲ.

ಸೊನ್ನೆಯನ್ನು ಹೊಡೆದು ಎರಡು ಎಂದು ಬರೆದೆ. ಶಾಲೆ ತೆರೆಯಿತು, ಹುಡುಗ ಬರಲಿಲ್ಲ. ಒಂದು ವಾರ ಕಾದೆ. ಅವನನ್ನು ಶಾಲೆ ಬಿಡಿಸುತ್ತಾರಂತೆ ಎಂಬ ಮಾತು ಮಕ್ಕಳಿಂದ ಕಿವಿಗೆ ಬಿತ್ತು.

ಭಾನುವಾರ ಜವಾನನನ್ನು ಜೊತೆಗೆ ಕರೆದುಕೊಂಡು ಅವನ ಹಳ್ಳಿಗೆ ನಡೆದೆ. ಒಂದೂವರೆ ಗಂಟೆಯ ಏರುದಾರಿ, ಮೊಣಕಾಲುದ್ದದ ಹಿಮ. 'ನಾನು ಹೆಜ್ಜೆಯಿಟ್ಟಲ್ಲೇ ಹೆಜ್ಜೆ ಇಡಿ, ಮಾಸ್ಟರ್‌ಜೀ' ಎಂದು ಹೇಳಿ ಜವಾನ ಮುಂದೆ ನಡೆದ. ಈ ದಾರಿಯಲ್ಲಿ ಆ ಹುಡುಗ ದಿನಾ ಎರಡು ಸಲ ಓಡಾಡುತ್ತಿದ್ದನೆಂಬುದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ. ತಡವಾಗಿ ಬಂದನೆಂದು ನಾನು ಅವನನ್ನು ಬಾಗಿಲಲ್ಲಿ ನಿಲ್ಲಿಸಿದ ದಿನಗಳು ಒಂದೊಂದಾಗಿ ನೆನಪಿಗೆ ಬಂದವು.

ಮನೆಯವರು ತಂದೂರಿನ ಬಳಿ ಕೂರಿಸಿ ಚಹಾ ಕೊಟ್ಟರು. ಆವಿಯಲ್ಲಿ ಬೇಯಿಸಿದ ಸಿಡ್ಡುವಿನ ಮೇಲೆ ತುಪ್ಪ ಸುರಿದು ತಂದಿಟ್ಟರು. ಹುಡುಗ ಮೂಲೆಯಲ್ಲಿ ನಿಂತಿದ್ದ. ನಾನು ಬಂದ ಕಾರಣ ಹೇಳಿದೆ. ತಂದೆ ಸುಮ್ಮನಿದ್ದರು. ತಾಯಿ, ದನಿಯೇರಿಸದೆಯೇ, 'ಅವನಪ್ಪ ಪೆಟ್ಟಿಗೆ ಹೊತ್ತೇ ಅವನನ್ನು ಓದಿಸುತ್ತಿರುವುದು, ಗುರುಜೀ' ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ತಪ್ಪಾಯಿತೆಂದು ಮೂವರಿಗೂ ಹೇಳಿದೆ. ನಲ್ಲಿಯ ಕತೆಯನ್ನೂ ಹೇಳಿದೆ. ತಂದೆ ಮೊದಲ ಬಾರಿಗೆ ನಕ್ಕರು. ಆಮೇಲೆ ನನ್ನನ್ನು ತೋಟಕ್ಕೆ ಕರೆದೊಯ್ದರು. ಎಲೆಯುದುರಿ ಕಡ್ಡಿಯಾಗಿ ನಿಂತ ಮರಗಳು, ಬುಡದಲ್ಲಿ ಹಿಮ. ನನ್ನ ಕಣ್ಣಿಗೆ ಅವು ಸತ್ತಂತೆಯೇ ಕಂಡವು. 'ಈಗ ಮರ ಚಳಿ ಉಣ್ಣುತ್ತಿದೆ. ಹೊಟ್ಟೆ ತುಂಬ ಉಂಡರೆ ಏಪ್ರಿಲಿನಲ್ಲಿ ಹೂ ಬಿಡುತ್ತದೆ, ಅರೆಹೊಟ್ಟೆಯಾದರೆ ಇಲ್ಲ' ಎಂದರು. ಆಮೇಲೆ ಪುಸ್ತಕಗಳನ್ನು ತೆರೆದು ನೋಡಿದೆ. ಡೆಲಿಷಸ್ ಜಾತಿಯ ಸೇಬಿಗೆ ಒಂದು ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಥಂಡಿ ಒಟ್ಟಾರೆ 1000ದಿಂದ 1200 ಗಂಟೆಯವರೆಗೆ ಬೇಕು. ಅದಿಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯದು. ಯಾವುದನ್ನು ನಾನು ಬದುಕಿನ ಶತ್ರುವೆಂದು ಬಗೆದು ಕಂಬಳಿಯೊಳಗೆ ಅಡಗುತ್ತಿದ್ದೆನೋ, ಅದೇ ಅಲ್ಲಿಯ ಬೆಳೆಯ ಆಹಾರ!

ಸೇಬು ಆ ಬೆಟ್ಟಗಳಿಗೆ ಬಂದದ್ದರಲ್ಲಿಯೂ ದೂರದಿಂದ ಬಂದವರೊಬ್ಬರ ಕತೆಯಿದೆ. ಅಮೆರಿಕದ ಫಿಲಡೆಲ್ಫಿಯಾದ ಸ್ಯಾಮ್ಯುಯಲ್ ಸ್ಟೋಕ್ಸ್ 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಭಾರತಕ್ಕೆ ಬಂದು, ಶಿಮ್ಲಾದಾಚೆಯ ಕೋಟ್‌ಗಢದ ಕಡೆ ನೆಲಸಿ, ಅಲ್ಲಿಯ ಹೆಣ್ಣನ್ನೇ ಮದುವೆಯಾದರು. ಸುಮಾರು 1916ರ ಹೊತ್ತಿಗೆ ಡೆಲಿಷಸ್ ಜಾತಿಯ ಸಸಿಗಳನ್ನು ಅಮೆರಿಕದಿಂದ ತರಿಸಿ ನೆಟ್ಟರು. ನೆರೆಹೊರೆಯ ರೈತರಿಗೂ ಹಂಚಿದರು. ಹಳ್ಳಿಯ ಮಕ್ಕಳಿಗಾಗಿ ಶಾಲೆ ನಡೆಸಿದರು. 1932ರಲ್ಲಿ ಹಿಂದೂ ಧರ್ಮ ಸ್ವೀಕರಿಸಿ ಸತ್ಯಾನಂದ ಎಂಬ ಹೆಸರು ತಳೆದು, 1946ರಲ್ಲಿ ಅಲ್ಲಿಯವರಾಗಿಯೇ ತೀರಿಕೊಂಡರು. ಆ ಸೀಮೆಯ ಮುದುಕರು ಇಂದಿಗೂ ಅವರ ಹೆಸರನ್ನು ಮನೆಯ ಹಿರಿಯರದೆಂಬಂತೆ ಹೇಳುತ್ತಾರೆ. ಹೊರಗಿನಿಂದ ಬಂದವನು ಏನನ್ನೂ ತರಬಾರದೆಂದಲ್ಲ. ಆದರೆ ತಂದದ್ದು ಆ ನೆಲದ ಚಳಿಯನ್ನು ಉಂಡು ಬೆಳೆಯುವಂಥದಾಗಿರಬೇಕು. ನಾನು ಕೊಂಡೊಯ್ದಿದ್ದ ಪಾಠ ಹಾಗಿರಲಿಲ್ಲ.

ಹುಡುಗ ಮರುವಾರ ಶಾಲೆಗೆ ಬಂದ. ನಾನೂ ಪಾಠದ ಕ್ರಮವನ್ನು ಬದಲಿಸಿದೆ. ಯಾವುದೇ ಅಧ್ಯಾಯವನ್ನು ತೆರೆಯುವ ಮುನ್ನ, ಇದರ ಬಗ್ಗೆ ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆಂದು ಕೇಳತೊಡಗಿದೆ. ಯಾವ ಭಾಷೆಯಲ್ಲಿ ಹೇಳಿದರೂ ಸರಿ. ಚಳಿಗಾಲದಲ್ಲಿ ಉಷ್ಣತಾಮಾಪಕವನ್ನು ನೆರಳಿನಲ್ಲಿ ತೂಗುಹಾಕಿ, ಏಳು ಡಿಗ್ರಿಗಿಂತ ಕೆಳಗಿದ್ದ ಗಂಟೆಗಳನ್ನು ಮಕ್ಕಳು ಸರದಿಯಂತೆ ಬರೆದಿಟ್ಟರು. ರಜೆಯ ದಿನಗಳಲ್ಲಿಯೂ ತಮ್ಮ ತಮ್ಮ ಮನೆಗಳಲ್ಲಿ ಬರೆದು ತಂದರು. ನಮ್ಮ ಲೆಕ್ಕ ಒರಟು ಲೆಕ್ಕ. ಆದರೆ ಸರಾಸರಿ ಎಂದರೇನು, ನಕ್ಷೆ ಎಂದರೇನು ಎಂಬುದು ಆ ತರಗತಿಗೆ ಅರ್ಥವಾದಷ್ಟು ನನ್ನ ಬೇರೆ ಯಾವ ತರಗತಿಗೂ ಅರ್ಥವಾಗಿರಲಿಲ್ಲ. ಏಕೆಂದರೆ ಆ ಅಂಕಿಗಳ ಕೊನೆಯಲ್ಲಿ ಅವರ ಮನೆಯ ಅನ್ನವಿತ್ತು. ಮೊದಲಿನಷ್ಟು ಹಿಮ ಈಗ ಬೀಳುವುದಿಲ್ಲವೆಂದೂ, ತಗ್ಗಿನ ತೋಟಗಳಲ್ಲಿ ಸೇಬು ಕೈಕೊಡುತ್ತಿದೆಯೆಂದೂ, ತೋಟಗಳು ವರ್ಷ ವರ್ಷಕ್ಕೆ ಮೇಲಮೇಲಕ್ಕೆ ಏರುತ್ತಿವೆಯೆಂದೂ ಅವರೇ ನನಗೆ ಹೇಳಿದರು. ಹವಾಮಾನದ ಬದಲಾವಣೆಯ ಪಾಠವನ್ನು ನಾನು ಕಲಿತದ್ದು ಹೀಗೆ, ವಿದ್ಯಾರ್ಥಿಗಳ ಬಾಯಿಂದ.

ಮೂರು ವರ್ಷಗಳ ಬಳಿಕ ವರ್ಗಾವಣೆ ಕೇಳುವ ಅವಕಾಶವಿತ್ತು. ನಾನು ಆರು ವರ್ಷ ಇದ್ದೆ. 2015ರಲ್ಲಿ ತಾಯಿಯ ಆರೋಗ್ಯ ಕೆಟ್ಟಾಗ ಊರಿನ ಕಡೆಗೆ ಬಂದೆ. ಈಗ ನಿವೃತ್ತನಾಗಿದ್ದೇನೆ. ಆ ಹುಡುಗ ಹತ್ತನೆಯ ತರಗತಿಯನ್ನು ಸಾಧಾರಣ ಅಂಕಗಳಲ್ಲಿ ಮುಗಿಸಿದ, ವಿಜ್ಞಾನಿಯಾಗಲಿಲ್ಲ. ತಂದೆಯ ತೋಟಕ್ಕಿಂತ ಇನ್ನಷ್ಟು ಎತ್ತರದಲ್ಲಿ ಹೊಸ ಸಸಿಗಳನ್ನು ನೆಟ್ಟಿದ್ದಾನೆ. ಪ್ರತಿವರ್ಷ ಮೊದಲ ಹಿಮ ಬಿದ್ದ ದಿನ ನನಗೆ ದೂರವಾಣಿ ಮಾಡಿ, 'ಗುರುಜೀ, ನಲ್ಲಿ ತೆರೆದಿಟ್ಟಿದ್ದೀರಾ?' ಎಂದು ಕೇಳುತ್ತಾನೆ. ಇಲ್ಲಿ ನಲ್ಲಿಗೆ ನೀರು ಬರುವುದೇ ವಾರಕ್ಕೆ ಎರಡು ದಿನವಪ್ಪ ಎನ್ನುತ್ತೇನೆ. ಇಬ್ಬರೂ ನಗುತ್ತೇವೆ.

ಆದರೆ ಒಂದು ಬಾಕಿ ಉಳಿದಿದೆ. ಅವನ ಮನೆಯಲ್ಲಿ, ತಂದೂರಿನ ಬಳಿ, ನಾಲ್ಕು ಗೋಡೆಗಳ ನಡುವೆ ನಾನು ತಪ್ಪೊಪ್ಪಿಕೊಂಡೆ. ಅವನನ್ನು ಹೀನಾಯವಾಗಿ ಅಂದದ್ದು ಮಾತ್ರ ನಲವತ್ತು ಮಕ್ಕಳ ಎದುರಿನಲ್ಲಿ. ಅವನು ಶಾಲೆಗೆ ಮರಳಿದ ದಿನ ಆ ನಲವತ್ತು ಮಂದಿಯ ಎದುರಿಗೇ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಹೋದೆ. ಹಾಜರಿ ಕರೆದೆ, ಅವನು 'ಹಾಜರ್' ಎಂದ, ನಾನು ಪುಸ್ತಕ ತೆರೆದು ಪಾಠಕ್ಕೆ ತೊಡಗಿಬಿಟ್ಟೆ. ಮರುದಿನ ಹೇಳೋಣವೆಂದುಕೊಂಡೆ. ಅಂಥ ಮರುದಿನಗಳು ಆರು ವರ್ಷ ಬಂದವು, ಹೋದವು.

ಅವನಿಗೆ ಕನ್ನಡ ಬಾರದು. ಈ ಭಾಷಣವನ್ನು ಅವನು ಕೇಳಲಾರ. ಆದರೂ ನಾಲ್ಕು ಜನರೆದುರಿಗೆ ಅಂದದ್ದನ್ನು ನಾಲ್ಕು ಜನರೆದುರಿಗೇ ಅಳಿಸಬೇಕೆಂಬುದು ನ್ಯಾಯ. ಆದ್ದರಿಂದ ತಮ್ಮೆಲ್ಲರ ಎದುರು ಹೇಳುತ್ತಿದ್ದೇನೆ: ನವೆಂಬರಿನ ಆ ದಿನ ತರಗತಿಯಲ್ಲಿ ವಿಜ್ಞಾನ ಬಲ್ಲವನು ಒಬ್ಬನಿದ್ದ, ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದ.

(ಬಾನುಲಿ ಭಾಷಣ)